ಬಾಯೊಳಗಿನ ರಕ್ತದ ಗಂಟು: ಕತ್ತರಿ ಎತ್ಕೊಳ್ಳೋ ಮುಂಚೆ

ಬಾಯಲ್ಲಿ ಗಂಟು ಕಾಣಿಸ್ಕೊಂಡ್ರೆ ನಮ್ ಹಾಸನದ ಕಡೆ ಜನ ಎರಡೇ ತರ ಯೋಚ್ನೆ ಮಾಡೋದು. ಗುಟ್ಕಾ, ಎಲೆಅಡಿಕೆ, ಹೊಗೆಸೊಪ್ಪು ಹಾಕೋರಾದ್ರೆ ಕ್ಯಾನ್ಸರೇ ಅಂತ ಗಾಬರಿ ಬಿದ್ದು ಓಡಿ ಬರ್ತಾರೆ, ಅಭ್ಯಾಸ ಇಲ್ದೋರಾದ್ರೆ "ಉಷ್ಣ ಆಗಿದೆ, ನಂಜಾಗಿದೆ" ಅಂತ ಎಳನೀರು ಕುಡ್ಕೊಂಡು ಪಥ್ಯ ಮಾಡ್ಕೊಂಡು ತಿಂಗಳುಗಟ್ಟಲೆ ತಳ್ತಾರೆ. ಇವೆರಡಕ್ಕೂ ಸೇರದ ಇನ್ನೊಂದು ಜಾತಿ ಇದೆ, ರಕ್ತನಾಳದಿಂದಲೇ ಹುಟ್ಟೋ ಗಂಟುಗಳು. ಅಪರೂಪವೇ. ಆದ್ರೆ ಬಾಯಿ ದವಡೆ ಸರ್ಜರಿ ಮಾಡೋ ನಮ್ಮಂಥೋರ ನಿದ್ದೆ ಕೆಡ್ಸೋದ್ರಲ್ಲಿ ಅವೇ ಮುಂದೆ. ಯಾಕಂದ್ರೆ ಬೇರೆ ಗಡ್ಡೆಗಳಾದ್ರೆ "ಒಂದು ಚೂರು ಕತ್ತರಿಸಿ ಲ್ಯಾಬಿಗೆ ಕಳ್ಸೋಣ, ರಿಪೋರ್ಟ್ ಬಂದ್ಮೇಲೆ ನೋಡೋಣ" ಅನ್ನೋ ಧೈರ್ಯ ಇರುತ್ತೆ, ಇಲ್ಲಿ ಕೆಲವು ಸಲ ಆ ಚೂರು ಕತ್ತರಿಸೋದೇ ಪ್ರಾಣಕ್ಕೆ ಬರುತ್ತೆ.

ಜೂನಿಯರ್‌ಗಳಿಗೆ ನಾನು ಹೇಳೋದಿಷ್ಟೇ, ಹೆಸರು ಆಮೇಲೆ ಹುಡುಕಿ, ಮೊದ್ಲು ಅದರೊಳಗೆ ರಕ್ತ ಎಷ್ಟು ಜೋರಾಗಿ ಓಡ್ತಿದೆ ಅಂತ ಪತ್ತೆ ಹಚ್ಚಿ. ರಕ್ತ ನಿಧಾನಕ್ಕೆ ಬಂದು ಮಡುಗಟ್ಟಿ ನಿಂತಿದ್ರೆ ಬಹುಪಾಲು ಸೂಜಿಯಲ್ಲೇ ಕೆಲಸ ಆಗುತ್ತೆ, ಅಪಧಮನಿಯಿಂದ, ಅಂದ್ರೆ ಹೃದಯದಿಂದ ರಕ್ತ ತರೋ ನಾಳದಿಂದ, ನೇರ ನುಗ್ಗಿ ಬರ್ತಿದ್ರೆ ಒಳಗಿನಿಂದ ಮುಚ್ಚದೆ ಮುಟ್ಟೋ ಹಾಗಿಲ್ಲ, ಇನ್ನು ಓಟಕ್ಕಿಂತ ಹೆಚ್ಚಾಗಿ ಜೀವಕೋಶಗಳೇ ಬೆಳೀತಾ ಗಟ್ಟಿ ಗಡ್ಡೆ ಆಗಿದ್ರೆ ಆಗ ಮಾತ್ರ ಬಯಾಪ್ಸಿ (ಚೂರು ಕತ್ತರಿಸಿ ಪರೀಕ್ಷೆಗೆ ಕಳ್ಸೋದು), ಅದನ್ನ ಮೈಕ್ರೋಸ್ಕೋಪಲ್ಲಿ ನೋಡೋ ಪೆಥಾಲಜಿಸ್ಟು, ಆಮೇಲೆ ಚಾಕು.

ಇದನ್ನ ಪತ್ತೆ ಹಚ್ಚೋಕೆ ಶುರುವಲ್ಲಿ ಯಾವ ಮಷೀನೂ ಬೇಡ. ಬೆರಳು ಸಾಕು. ಕೆನ್ನೆ ಒಳಗೋ ನಾಲಿಗೆ ಮೇಲೋ ನೇರಳೆ ಬಣ್ಣದ ಮೆತ್ತನೆ ಊತ ಇದೆ, ಒತ್ತಿದ್ರೆ ಖಾಲಿ ಆಗುತ್ತೆ, ಬಿಟ್ರೆ ನಿಧಾನಕ್ಕೆ ತುಂಬ್ಕೊಳ್ಳುತ್ತೆ, ತಲೆ ಬಗ್ಗಿಸಿ ಒಂದು ನಿಮಿಷ ಕೂರ್ಸಿದ್ರೆ ದೊಡ್ಡದಾಗುತ್ತೆ ಅಂದ್ರೆ ಅದು ಸಿರೆಯ (ರಕ್ತವನ್ನ ಹೃದಯಕ್ಕೆ ವಾಪಸ್ ಒಯ್ಯೋ ನಾಳದ) ಕಡೆಯದ್ದು. ಒಳಗೆ ಸಣ್ಣ ಮಣಿ ತರ ಗಟ್ಟಿ ಕಾಳು ಸಿಕ್ಕಿದ್ರಂತೂ ಹೆಚ್ಚುಕಮ್ಮಿ ಖಾತ್ರಿ, ನಿಂತ ರಕ್ತ ಹೆಪ್ಪುಗಟ್ಟಿ ಸುಣ್ಣ ಸೇರ್ಕೊಂಡು ಆಗೋ ಕಲ್ಲು ಅದು, ಎಕ್ಸ್‌ರೇಲೂ ಕಾಣುತ್ತೆ. ಗಾಜಿನ ಸ್ಲೈಡ್ ಇಟ್ಟು ಒತ್ತಿ ನೋಡೋದು ಹಳೇ ಪದ್ಧತಿ, ರಕ್ತ ನಾಳದ ಒಳಗಿದ್ರೆ ಬಿಳುಚಿಕೊಳ್ಳುತ್ತೆ, ಇಲ್ಲದಿದ್ರೆ ಬಣ್ಣ ಹಾಗೇ ಇರುತ್ತೆ, ನಾನು ಇವತ್ತಿಗೂ ಮಾಡ್ತೀನಿ. ಆದ್ರೆ ಬೆರಳಿಟ್ಟಾಗ ಬಿಸಿ ಅನ್ನಿಸಿ, ನಾಡಿ ಬಡಿದ ಹಾಗೆ ಮಿಡೀತಾ, ಕೈಗೆ ಜುಮ್ಮಂತ ಕಂಪನ ಬಂದ್ರೆ ಅಲ್ಲಿಗೆ ಕೈ ತೆಗೀಬೇಕು. ಸ್ಟೆತಾಸ್ಕೋಪ್ ಕೆನ್ನೆಗೆ ಇಟ್ರೆ ಹುಸ್ ಹುಸ್ ಅಂತ ಸದ್ದು ಕೇಳ್ಸುತ್ತೆ. ಹಲ್ಲಿನ ಡಾಕ್ಟ್ರು ಕುತ್ತಿಗೇಲಿ ಸ್ಟೆತಾಸ್ಕೋಪ್ ಹಾಕ್ಕೊಂಡ್ರೆ ಜನ ನಗ್ತಾರೆ, ನಗ್ಲಿ ಬಿಡಿ, ನನ್ ಟೇಬಲ್ ಡ್ರಾಯರಲ್ಲಿ ಒಂದು ಇದ್ದೇ ಇರುತ್ತೆ.

ಬೆರಳಾದ್ಮೇಲೆ ಕೇಳೋ ಪ್ರಶ್ನೆ, ಯಾವಾಗಿಂದ ಇದೆ. ಹುಟ್ಟಿದಾಗಲೇ ಇತ್ತಾ, ಹುಟ್ಟಿದ ಕೆಲವು ವಾರಕ್ಕೆ ಬಂತಾ, ಹದಿಹರೆಯದಲ್ಲಿ ದೊಡ್ಡದಾಯ್ತಾ, ಇಲ್ಲ ಹೋದ ದೀಪಾವಳಿಗೆ ಇರ್ಲೇ ಇಲ್ವಾ. ಇದಕ್ಕೆ ಸರಿ ಉತ್ತರ ಸಿಕ್ಕಿದ್ರೆ ಎಂಆರ್‌ಐ ರಿಪೋರ್ಟ್ ಬರೋ ಮುಂಚೆನೇ ಅರ್ಧ ದಾರಿ ಬಂದಿರ್ತೀವಿ. ಅಜ್ಜಿಯರು ಜೊತೆಗೆ ಬಂದಿದ್ರೆ ಇದಕ್ಕೆ ಪಕ್ಕಾ ಉತ್ತರ ಸಿಗುತ್ತೆ, ಬೋನಸ್ಸಾಗಿ "ಇವ್ಳು ಬಸುರಿ ಇದ್ದಾಗ ಗ್ರಹಣ ನೋಡಿದ್ಳು ಡಾಕ್ಟ್ರಮ್ಮ, ಅದಕ್ಕೇ" ಅನ್ನೋ ಕಾರಣಾನೂ ಸಿಗುತ್ತೆ. ಗ್ರಹಣಕ್ಕೂ ಇದಕ್ಕೂ ಸಂಬಂಧ ಇಲ್ಲಮ್ಮ ಅಂತ ಸೊಸೆ ಎದುರಿಗೇ ಜೋರಾಗಿ ಹೇಳ್ತೀನಿ, ಪಾಪ ಆ ಹುಡುಗಿ ಹೆರಿಗೆ ಆದಾಗಿಂದ ಈ ಮಾತು ಕೇಳ್ತಾ ಬಂದಿರುತ್ತೆ.

ಈ ವಯಸ್ಸಿನ ಲೆಕ್ಕ ಯಾಕೆ ಅಷ್ಟು ಮುಖ್ಯ ಅಂದ್ರೆ, ಬಹಳ ಕಾಲ ಡಾಕ್ಟ್ರುಗಳು ಕೆಂಪಗಿರೋದಕ್ಕೆಲ್ಲ ಹಿಮ್ಯಾಂಜಿಯೋಮ (ರಕ್ತನಾಳದ ಗಡ್ಡೆ) ಅಂತ ಒಂದೇ ಚೀಟಿ ಅಂಟಿಸ್ತಿದ್ರು. 1982ರಲ್ಲಿ ಬಾಸ್ಟನ್ನಿನ ಮಲಿಕೆನ್ ಮತ್ತು ಗ್ಲೊವಾಕಿ ಅನ್ನೋ ಇಬ್ರು ಜೀವಕೋಶದ ಮಟ್ಟದಲ್ಲಿ ನೋಡಿ ಇದರಲ್ಲಿ ಎರಡು ಬೇರೆ ಬೇರೆ ಕಾಯಿಲೆ ಇವೆ ಅಂತ ತೋರ್ಸಿದ್ರು. ಒಂದರಲ್ಲಿ ನಾಳದ ಗೋಡೆಯ ಜೀವಕೋಶಗಳು ನಿಜವಾಗ್ಲೂ ಗಡ್ಡೆ ತರ ಸಂಖ್ಯೆಯಲ್ಲಿ ಬೆಳೀತವೆ, ಇನ್ನೊಂದರಲ್ಲಿ ಏನೂ ಹೊಸದಾಗಿ ಬೆಳೆಯಲ್ಲ, ಗರ್ಭದಲ್ಲೇ ನಾಳಗಳು ತಪ್ಪಾಗಿ ಜೋಡಣೆ ಆಗಿರ್ತವೆ, ಮಗು ಬೆಳೆದ ಹಾಗೆ ಅವೂ ಅಗಲ ಆಗ್ತಾ ಹೋಗ್ತವೆ. 1996ರಲ್ಲಿ ಈ ವಿಷಯದ ಅಂತರರಾಷ್ಟ್ರೀಯ ಸಂಘ ಇದನ್ನೇ ಆಧಾರ ಮಾಡ್ಕೊಂಡು ವರ್ಗೀಕರಣ ಮಾಡ್ತು, ಆಮೇಲೆ ಜೀನ್‌ಗಳ ವಿಷಯ ಸೇರ್ಸಿ ತಿದ್ದುತ್ತಾನೂ ಬಂದಿದೆ. ಇಷ್ಟೆಲ್ಲಾ ಆಗಿ ದಶಕಗಳೇ ಕಳೆದ್ರೂ ನನ್ನ ಕೈಗೆ ಬರೋ ರಿಪೋರ್ಟ್‌ಗಳಲ್ಲಿ ನಲವತ್ತು ವರ್ಷದ ಮನುಷ್ಯನ ಕೆನ್ನೆ ಸಿರೆ ಊತಕ್ಕೂ "ಕ್ಯಾವರ್ನಸ್ ಹಿಮ್ಯಾಂಜಿಯೋಮ" ಅಂತಲೇ ಬರೆದಿರ್ತಾರೆ. ಬರೀಲಿ, ಆದ್ರೆ ಅದನ್ನ ಓದಿದ ಯಾರೋ "ಹಿಮ್ಯಾಂಜಿಯೋಮ ಆದ್ರೆ ತಾನಾಗೇ ಹೋಗುತ್ತೆ, ಕಾಯಿರಿ" ಅಂತ ಹೇಳಿ ಕಳಿಸ್ಬಿಟ್ರೆ ಕಷ್ಟ. ತಾನಾಗೇ ಕರಗೋದು ಮಕ್ಕಳದ್ದು ಮಾತ್ರ.

ಮಕ್ಕಳದ್ದು ಅಂದ್ರೆ ಹುಟ್ಟಿದ ಕೆಲವು ವಾರದಲ್ಲಿ ತುಟಿ ಮೇಲೆ, ಕೆನ್ನೆ ಮೇಲೆ ಕೆಂಪು ಚುಕ್ಕೆಯಾಗಿ ಶುರುವಾಗಿ ಮೊದಲ ವರ್ಷದಲ್ಲಿ ದಡದಡ ಅಂತ ಬೆಳೆದು ಆಮೇಲೆ ವರ್ಷಗಟ್ಟಲೆ ತಗೊಂಡು ನಿಧಾನಕ್ಕೆ ಇಳಿಯೋದು. ಮೊದ್ಲೆಲ್ಲ ಸ್ಟಿರಾಯ್ಡ್ ಕೊಡ್ತಿದ್ರು, ತುಟಿ ಹುಣ್ಣಾಗಿ ಮಗು ಹಾಲು ಕುಡಿಯೋಕೆ ಆಗ್ದೆ ಇದ್ರೆ ಕತ್ತರಿಸ್ತಿದ್ರು, ತುಟಿ ಆಕಾರ ಕೆಡ್ತಿತ್ತು. ಇದನ್ನ ಬದಲಾಯಿಸಿದ್ದು ಫ್ರಾನ್ಸಿನ ಬೋರ್ಡೋದಲ್ಲಿ ಆದ ಒಂದು ಆಕಸ್ಮಿಕ. ಮೂಗಿನ ಹಿಮ್ಯಾಂಜಿಯೋಮಕ್ಕೆ ಸ್ಟಿರಾಯ್ಡ್ ತಗೊಳ್ತಿದ್ದ ಒಂದು ಮಗುವಿಗೆ ಹೃದಯದ ಸ್ನಾಯು ದಪ್ಪ ಆಗೋ ತೊಂದ್ರೆ ಬಂತು, ಅದಕ್ಕೆ ಪ್ರೊಪ್ರನೊಲಾಲ್ ಕೊಟ್ರು, ಮಾರನೇ ದಿನವೇ ಆ ಕಡುಕೆಂಪು ಗಡ್ಡೆ ನೇರಳೆಗೆ ತಿರುಗಿ ಮೆತ್ತಗಾಯ್ತು. ಲಿಯೋತೆ ಲಬ್ರೆಜ್ ಅನ್ನೋ ಚರ್ಮವೈದ್ಯೆ ಮತ್ತವರ ತಂಡ 2008ರಲ್ಲಿ ಇದನ್ನ ಪ್ರಕಟಿಸಿದ್ರು, 2014ರಲ್ಲಿ ಅಮೆರಿಕದಲ್ಲಿ ಈ ಕಾಯಿಲೆಗೇ ಅಂತ ಔಷಧಿಗೆ ಒಪ್ಪಿಗೆ ಸಿಕ್ತು. ಬಿಪಿಗೆ ಕೊಡೋ ಹಳೇ ಅಗ್ಗದ ಮಾತ್ರೆ ಅದು! ಸಾಮಾನ್ಯವಾಗಿ ಮಗುವಿನ ಕೆಜಿಗೆ ದಿನಕ್ಕೆ 2ರಿಂದ 3 ಮಿಲಿಗ್ರಾಂ ಲೆಕ್ಕ, ಮಕ್ಕಳ ಡಾಕ್ಟ್ರು ನಾಡಿ, ಬಿಪಿ, ಉಸಿರಾಟ ಎಲ್ಲಾ ನೋಡಿ ಸಣ್ಣ ಡೋಸಿಂದ ಶುರು ಮಾಡ್ತಾರೆ. ಖಾಲಿ ಹೊಟ್ಟೇಲಿ ಮಾತ್ರ ಕೊಡಬಾರ್ದು, ಶುಗರ್ ಇಳಿದು ಮಗು ಸುಸ್ತಾಗುತ್ತೆ, ವಾಂತಿ ಭೇದಿ ಆಗಿ ಹಾಲು ಕುಡೀತಿಲ್ಲ ಅಂದ್ರೆ ಔಷಧಿ ನಿಲ್ಸಿ ಫೋನ್ ಮಾಡಿ ಅಂತ ತಾಯಂದ್ರಿಗೆ ಎರಡೆರಡು ಸಲ ಹೇಳ್ತೀವಿ. ಹೀಗಾಗಿ ಈ ಗುಂಪಲ್ಲಿ ನನ್ನ ಚಾಕುಗೆ ಈಗ ಹೆಚ್ಚು ಕೆಲಸ ಇಲ್ಲ. ಬೇಜಾರೂ ಇಲ್ಲ.

ಬಸುರಿಯರ ವಸಡಲ್ಲಿ ಹಲ್ಲಿನ ಸಂದಿಯಿಂದ ಕೆಂಪಗೆ ಹೊರಗೆ ಬಂದು ಬ್ರಷ್ ತಾಗಿದ್ರೆ ಸಾಕು ರಕ್ತ ಸೋರೋ ಗುಳ್ಳೆ ಇದೆಯಲ್ಲ, ಅದು ಅಪರೂಪವೂ ಅಲ್ಲ, ಹೆದರೋದೂ ಬೇಡ. ಪಯೋಜೆನಿಕ್ ಗ್ರಾನ್ಯುಲೋಮ. ಹಲ್ಲಿನ ಗಾರೆ ಕ್ಲೀನ್ ಮಾಡ್ಸಿ, ಆದಷ್ಟು ಹೆರಿಗೆವರೆಗೂ ಕಾಯೋದು, ಬಹಳಷ್ಟು ಹಾಗೇ ಕುಗ್ಗುತ್ತೆ. ಬಸಿರು ಇಲ್ಲದೋರಲ್ಲೂ ಬರುತ್ತೆ, ಆಗ ಬುಡದಲ್ಲಿ ಮೂಳೆ ಪೊರೆವರೆಗೂ ತೆಗೆದು, ಅಲ್ಲಿ ಚುಚ್ತಿರೋ ಗಾರೆಯನ್ನೋ ಚೂಪಾದ ಫಿಲ್ಲಿಂಗನ್ನೋ ಸರಿ ಮಾಡಿದ್ರೆ ಮುಗೀತು, ಇಲ್ಲಾಂದ್ರೆ ವಾಪಸ್ ಬರುತ್ತೆ. ಇದನ್ನ ಇಲ್ಲಿ ಹೇಳಿದ್ದು ಯಾಕಂದ್ರೆ ಅಪರೂಪದ ಗಡ್ಡೆಗಳೆಲ್ಲ ಬರೋದು ಇದೇ ವೇಷ ಹಾಕ್ಕೊಂಡು, ಅದಕ್ಕೆ ಕೆಳಗೆ ಬರ್ತೀನಿ.

ಈಗ ಭಯ ಬೀಳ್ಸೋ ವಿಷಯ. ದವಡೆ ಮೂಳೆ ಒಳಗಿನ ಎವಿಎಂ, ಅಂದ್ರೆ ಅಪಧಮನಿ ಸಿರೆ ನಡುವೆ ಇರಬೇಕಾದ ಸಣ್ಣ ಸಣ್ಣ ನಾಳಗಳ ಜಾಲ ಇಲ್ದೆ ಎರಡೂ ನೇರ ಕೂಡ್ಕೊಂಡಿರೋದು. ಸರಿಯಾಗಿ ಹೇಳ್ಬೇಕಂದ್ರೆ ಇದು ಗಡ್ಡೆಯೇ ಅಲ್ಲ, ಆದ್ರೆ ಗಡ್ಡೆ ಅಂತಲೋ ಕೀವು ಅಂತಲೋ ಮೋಸ ಹೋಗೋದು ಇಲ್ಲೇ ಜಾಸ್ತಿ. ಮಕ್ಕಳಲ್ಲಿ, ಹದಿಹರೆಯದೋರಲ್ಲಿ ಹೆಚ್ಚು. ಮೂಳೆ ಒಳಗಿರೋದ್ರಿಂದ ಹೊರಗೆ ಏನೂ ಕಾಣ್ಸಲ್ಲ, ಒಂದು ದವಡೆ ಹಲ್ಲು ಅಲ್ಲಾಡುತ್ತೆ, ವಸಡಿಂದ ಆಗಾಗ ರಕ್ತ, ಬೆಳಿಗ್ಗೆ ಎದ್ರೆ ದಿಂಬಲ್ಲಿ ಕಲೆ, ಅಷ್ಟೇ. ಇಂಥ ಹಲ್ಲನ್ನ ಗೊತ್ತಿಲ್ದೆ ಕಿತ್ರೆ ಆ ಗುಂಡಿಯಿಂದ ಬರೋ ರಕ್ತವನ್ನ ಹತ್ತಿ ಇಟ್ಟು ನಿಲ್ಸೋಕಾಗಲ್ಲ, ಕುರ್ಚಿ ಮೇಲೇ ಪ್ರಾಣ ಹೋಗಿರೋ ಕೇಸುಗಳು ವೈದ್ಯ ಪತ್ರಿಕೆಗಳಲ್ಲಿ ದಾಖಲಾಗಿವೆ.

ಕೆಲವು ವರ್ಷದ ಹಿಂದೆ ಮಲೆನಾಡು ಕಡೆಯ ಸಣ್ಣ ಊರಲ್ಲಿ ಕ್ಲಿನಿಕ್ ಇಟ್ಟಿರೋ ಹುಡುಗ ಡೆಂಟಿಸ್ಟ್ ಒಬ್ಬ ಫೋನ್ ಮಾಡಿದ್ದ. (ಪೇಷಂಟ್‌ಗಳ ಊರು, ವಿವರ ಎಲ್ಲಾ ಗುರುತು ಸಿಗ್ದ ಹಾಗೆ ಬದಲಾಯಿಸಿದೀನಿ.) "ಮೇಡಂ, ಆರನೇ ಕ್ಲಾಸ್ ಹುಡುಗ, ಕೆಳಗಿನ ದವಡೆ ಹಲ್ಲು ಲೂಸ್ ಇದೆ ಕಿತ್ಬಿಡಿ ಅಂತ ಅವರಪ್ಪ ಕರ್ಕೊಂಡ್ ಬಂದಿದಾರೆ, ಆದ್ರೆ ಹಲ್ಲನ್ನ ಬೆರಳಲ್ಲಿ ಒತ್ತಿದ್ರೆ ಒಳಗ್ ಹೋಗುತ್ತೆ, ಬಿಟ್ರೆ ಮೇಲೆ ಬರುತ್ತೆ, ಅದೂ ನಾಡಿ ಜೊತೆಗೇ ಬಡ್ಕೊಳ್ತಿದೆ ಅನ್ಸುತ್ತೆ." ಹಲ್ಲು ಮುಟ್ಬೇಡಪ್ಪ, ಅರಿವಳಿಕೆ ಇಂಜೆಕ್ಷನ್ನೂ ಕೊಡ್ಬೇಡ, ಓಪಿಜಿ (ಪೂರ್ತಿ ದವಡೆಯ ಎಕ್ಸ್‌ರೇ) ತೆಗೆಸಿ ಕಳ್ಸು ಅಂದೆ. ಅವನು ಆಗಲೇ ತೆಗೆಸಿದ್ದ! ಫೋಟೋ ಬಂತು, ದವಡೆ ಮೂಳೆಯಲ್ಲಿ ಗುಳ್ಳೆ ಗುಳ್ಳೆಯಾಗಿ ಖಾಲಿ ಜಾಗ, ನರ ಹೋಗೋ ಕಾಲುವೆ ಇರಬೇಕಾದ್ದಕ್ಕಿಂತ ಎಷ್ಟೋ ಅಗಲ. ಆ ಹುಡುಗನ ಜೀವ ಉಳಿಸಿದ ಕ್ರೆಡಿಟ್ ಯಾರಿಗೆ ಅಂತ ಕೇಳಿದ್ರೆ ನಾನು ಅವತ್ತು ಫೋರ್ಸೆಪ್ಸ್ ಕೆಳಗಿಟ್ಟ ಆ ಡೆಂಟಿಸ್ಟಿಗೇ ಕೊಡ್ತೀನಿ, ನಾವು ಮಾಡಿದ್ದೆಲ್ಲ ಆಮೇಲಿನ ಕತೆ.

ಆಮೇಲಿನ ಕತೆ ಏನಂದ್ರೆ, ಸಿಟಿ ಆಂಜಿಯೋ ಮಾಡ್ಸಿ ಯಾವ ಯಾವ ನಾಳ ಅಲ್ಲಿಗೆ ರಕ್ತ ತರ್ತಿದೆ, ಎಲ್ಲಿಗೆ ಹೊರಗೆ ಹೋಗ್ತಿದೆ ನೋಡೋದು, ಆಮೇಲೆ ಬೆಂಗಳೂರಲ್ಲಿ ಇಂಟರ್ವೆನ್ಷನಲ್ ರೇಡಿಯಾಲಜಿಸ್ಟ್ ಹತ್ರ ಕಳ್ಸೋದು. ಅವರು ತೊಡೆ ಸಂದಿಯ ಅಪಧಮನಿಯಿಂದ ಸಣ್ಣ ಕ್ಯಾತಿಟರ್ (ತೆಳ್ಳನೆ ಕೊಳವೆ) ತೂರ್ಸಿ ಕುತ್ತಿಗೆ ಮೂಲಕ ದವಡೆ ನಾಳದವರೆಗೂ ಹೋಗ್ತಾರೆ, ಡೈ ಬಿಟ್ಟು ಎಕ್ಸ್‌ರೇ ಪರದೆ ಮೇಲೆ ರಕ್ತದ ಓಟ ನೋಡ್ತಾ ಅಂಟು ತರದ ದ್ರವನೋ ಲೋಹದ ಸುರುಳಿನೋ ಬಿಟ್ಟು ಒಳಗಿನಿಂದಲೇ ಮುಚ್ತಾರೆ. ದವಡೆ ಎವಿಎಂನಲ್ಲಿ ಬರೀ ಬರೋ ನಾಳ ಮುಚ್ಚಿದ್ರೆ ಸಾಲಲ್ಲ, ಮೂಳೆ ಒಳಗೆ ಉಬ್ಬಿರೋ ಸಿರೆಯ ಚೀಲವನ್ನೇ ತುಂಬಿಸ್ಬೇಕು, ಕೆಲವು ಸಲ ಹೊರಗಿನಿಂದ ದವಡೆಗೇ ನೇರ ಸೂಜಿ ಹಾಕಿ ತುಂಬಿಸ್ತಾರೆ. ಹೀಗೆ ಚೆನ್ನಾಗಿ ತುಂಬಿದ್ರೆ ಮುಂದೆ ಅಲ್ಲಿ ಮೂಳೆನೇ ಬೆಳೆದು ದವಡೆ ಕತ್ತರಿಸದೇ ಉಳಿಯೋದೂ ಉಂಟು. ಈ ಹುಡುಗನಿಗೆ ಹಾಗೇ ಆಯ್ತು, ಚೀಲ ತುಂಬ್ಸಿದ ಎರಡು ಮೂರು ದಿನದೊಳಗೆ ಆಪರೇಷನ್ ಥಿಯೇಟರಲ್ಲಿ, ಪೂರ್ತಿ ಅನಸ್ತೇಷಿಯಾದಲ್ಲಿ, ರಕ್ತದ ಬಾಟ್ಲಿ ರೆಡಿ ಇಟ್ಕೊಂಡು, ಆ ಹಲ್ಲು ತೆಗೆದು ಒಳಗೆ ಕೆರೆದು ಪ್ಯಾಕ್ ಮಾಡಿ ಹೊಲಿಗೆ ಹಾಕಿದ್ವಿ. ಬೇರೆಯವರಲ್ಲಿ ಇಷ್ಟಕ್ಕೇ ಮುಗಿಯಲ್ಲ, ದವಡೆ ಭಾಗವನ್ನೇ ತೆಗೆದು ಕಾಲಿನ ಮೂಳೆ ತಂದು ಕೂರ್ಸ್ಬೇಕಾಗುತ್ತೆ.

ಹಳೇ ಕಾಲದ ಸರ್ಜನ್‌ಗಳು ಕುತ್ತಿಗೆಯಲ್ಲಿ ಮುಖಕ್ಕೆ, ದವಡೆಗೆ ರಕ್ತ ಒಯ್ಯೋ ಎಕ್ಸ್‌ಟರ್ನಲ್ ಕೆರಾಟಿಡ್ ನಾಳ ಕಟ್ಟಿ ಇದನ್ನ ನಿಲ್ಲಿಸೋಕೆ ನೋಡ್ತಿದ್ರು. ಗದ್ದೆಗೆ ಬರೋ ಒಂದು ತೂಬು ಮುಚ್ಚಿದ್ರೆ ನೀರು ಬದು ಒಡ್ಕೊಂಡು ಪಕ್ಕದ ಗದ್ದೆಯಿಂದ ಬರೋದಿಲ್ವಾ, ಹಾಗೇ ಆಗುತ್ತೆ, ಆ ಕಡೆ ಕೆನ್ನೆಯಿಂದ, ತಲೆ ಒಳಗಿನಿಂದ ಹೊಸ ನಾಳಗಳು ತೆರ್ಕೊಂಡು ಕೆಲವೇ ದಿನದಲ್ಲಿ ಮತ್ತೆ ಮೊದಲಿನ ಹಾಗೇ. ಅದಕ್ಕಿಂತ ದೊಡ್ಡ ನಷ್ಟ, ಮುಂದೆ ರೇಡಿಯಾಲಜಿಸ್ಟ್ ಕ್ಯಾತಿಟರ್ ಹಾಕೋಕೆ ಇದ್ದ ಹೆದ್ದಾರಿಯನ್ನೇ ನಾವು ಮುಚ್ಚಿ ಹಾಕಿರ್ತೀವಿ. ಪ್ರಾಣಾಪಾಯದ ತುರ್ತಲ್ಲಿ ಬೇರೆ ಗತಿ ಇಲ್ಲ ಅಂದ್ರೆ ಸರಿ, ಮೊದಲೇ ಪ್ಲಾನ್ ಮಾಡಿದ ಆಪರೇಷನ್ನಲ್ಲಿ ಬೇಡ. ನಾಳದ ಸುತ್ತ ಒಂದು ದಾರ ಸಡಿಲವಾಗಿ ಹಾಕಿ ಇಟ್ಕೊಂಡು ಬೇಕಾದಾಗ ಎಳೆದು ಹಿಡಿಯೋದು ವಾಸಿ.

ಇದನ್ನ ಓದ್ತಿರೋ ಡೆಂಟಿಸ್ಟ್‌ಗಳಿಗೆ ಒಂದು ಮಾತು, ಗೊತ್ತಿಲ್ದೆ ಕಿತ್ತು ರಕ್ತ ನುಗ್ಗಿ ಬಂದ್ರೆ ಕಿತ್ತ ಹಲ್ಲನ್ನ ಎಸೀಬೇಡಿ. ಅದೇ ಹಲ್ಲನ್ನ ಅದೇ ಗುಂಡಿಗೆ ವಾಪಸ್ ಒತ್ತಿ, ಮೇಲೆ ಗಾಜ್ ಇಟ್ಟು ಬೆರಳಲ್ಲಿ ಬಲವಾಗಿ ಹಿಡ್ಕೊಂಡೇ ಆಂಬುಲೆನ್ಸ್ ಹತ್ತಿ. ಆ ಗುಂಡಿಗೆ ಅದಕ್ಕಿಂತ ಸರಿಯಾಗಿ ಕೂರೋ ಬಿರಡೆ ಇನ್ನೊಂದಿಲ್ಲ. ಹಾಗೇನೆ ದವಡೆಯಲ್ಲಿ ಕಪ್ಪು ಖಾಲಿ ಜಾಗ ಕಂಡ ಯಾವುದೇ ಕೇಸಿರಲಿ, ತೆರೆಯೋ ಮುಂಚೆ ದಪ್ಪ ಸೂಜಿ ಹಾಕಿ ಎಳೆದು ನೋಡಿ. ಹಳದಿ ನೀರು ಬಂದ್ರೆ ಸಿಸ್ಟ್ (ನೀರು ತುಂಬಿದ ಚೀಲ), ಪಿಸ್ಟನ್ ತಾನಾಗೇ ಹಿಂದಕ್ಕೆ ಹೋಗಿ ಕೆಂಪು ರಕ್ತ ತುಂಬಿದ್ರೆ ಅವತ್ತಿನ ಆಪರೇಷನ್ ಕ್ಯಾನ್ಸಲ್.

ನಿಧಾನ ಓಟದ ಸಿರೆ ಗಂಟುಗಳಿಗೆ ಬರೋಣ. ನಾಲಿಗೆ, ಕೆನ್ನೆ, ತುಟಿ. ಎಂಆರ್‌ಐಯಲ್ಲಿ ಟಿ2 ಚಿತ್ರದಲ್ಲಿ ಬೆಳ್ಳಗೆ ಹೊಳೀತವೆ, ಎಷ್ಟು ಆಳಕ್ಕೆ ಇಳಿದಿದೆ ಅಂತ ಆಗಲೇ ನಿಜ ಗೊತ್ತಾಗೋದು, ಹೊರಗೆ ಕಡಲೆ ಗಾತ್ರ ಕಾಣೋದು ಒಳಗೆ ನಾಲಿಗೆ ಬುಡದವರೆಗೂ ಹೋಗಿರುತ್ತೆ. ಇದಕ್ಕೆ ಈಗ ಮೊದಲು ಸ್ಕ್ಲೀರೋಥೆರಪಿ, ಅಂದ್ರೆ ನಾಳದ ಒಳಗೋಡೆ ಸುಡೋ ಔಷಧಿಯನ್ನ ಗಾಳಿ ಜೊತೆ ಬೆರೆಸಿ ನೊರೆ ಮಾಡಿ ಚುಚ್ಚೋದು. ಸೋಡಿಯಂ ಟೆಟ್ರಾಡೆಸಿಲ್ ಸಲ್ಫೇಟ್, ಪಾಲಿಡೋಕನಾಲ್, ಬ್ಲಿಯೋಮೈಸಿನ್ ಇವು ಬಳಕೆಯಲ್ಲಿರೋವು. ಒಂದೇ ಸಲಕ್ಕೆ ಮುಗಿಯಲ್ಲ, ತಿಂಗಳು ಎರಡು ತಿಂಗಳು ಬಿಟ್ಟು ಮತ್ತೆ ಮತ್ತೆ ಬರ್ಬೇಕು ಅಂತ ಮೊದಲೇ ಹೇಳಿಬಿಡ್ತೀನಿ, ಇಲ್ಲಾಂದ್ರೆ ಎರಡನೇ ಸಲಕ್ಕೆ "ಇವ್ರಿಗೆ ಗೊತ್ತಾಗ್ಲಿಲ್ಲ" ಅಂತ ಬೇರೆ ಡಾಕ್ಟ್ರನ್ನ ಹುಡುಕ್ಕೊಂಡು ಹೋಗ್ತಾರೆ. ಚುಚ್ಚಿದ ಮೇಲೆ ಮೊದಲ ಒಂದೆರಡು ದಿನ ಊತ ಜಾಸ್ತಿನೇ ಆಗುತ್ತೆ, ನಾಲಿಗೆ ಬುಡದ್ದಾದ್ರೆ ಉಸಿರು ಕಟ್ಟೋ ಅಪಾಯ ಇರೋದ್ರಿಂದ ಮನೆಗೆ ಕಳ್ಸಲ್ಲ, ಕೆಲವರಿಗೆ ಮೊದಲೇ ಕುತ್ತಿಗೆಯಲ್ಲಿ ಟ್ರೇಕಿಯಾಸ್ಟಮಿ (ಉಸಿರಾಡೋಕೆ ಶ್ವಾಸನಾಳಕ್ಕೆ ತೂತು) ಮಾಡಿಟ್ಕೊಂಡೇ ಶುರು ಮಾಡೋದು. ದೊಡ್ಡ ಸಿರೆ ಗಂಟುಗಳಲ್ಲಿ ಇನ್ನೊಂದು ಕಣ್ಣಿಗೆ ಕಾಣದ ತೊಂದ್ರೆ ಇದೆ, ನಿಂತ ರಕ್ತ ಒಳಗೇ ಹೆಪ್ಪುಗಟ್ಟುತ್ತಾ ಕರಗುತ್ತಾ ಇರೋದ್ರಿಂದ ರಕ್ತ ಹೆಪ್ಪುಗಟ್ಟಿಸೋ ಫೈಬ್ರಿನೋಜನ್ ಕಮ್ಮಿ ಆಗಿರುತ್ತೆ, ಹೆಪ್ಪು ಕರಗಿದಾಗ ಬರೋ ಡಿ ಡೈಮರ್ ಏರಿರುತ್ತೆ. ಇದನ್ನ ಆಪರೇಷನ್ ಮುಂಚೆ ನೋಡ್ದೆ ಹೋದ್ರೆ ಟೇಬಲ್ ಮೇಲೆ ರಕ್ತ ಯಾಕೆ ನಿಲ್ತಿಲ್ಲ ಅಂತ ತಲೆ ಕೆರ್ಕೊಳ್ಬೇಕಾಗುತ್ತೆ.

ಚಿಕ್ಕದಾಗಿ ಕುಗ್ಗಿದ ಮೇಲೆ ಉಳಿದಿದ್ದನ್ನ ಕತ್ತರಿಸೋದು. ನಾಲಿಗೆ ಸರ್ಜರಿ ನೋಡೋಕೆ ಚೆಂದ, ಮಾಡೋಕೆ ಬೆವರು. ಮೂಗಿಂದ ಟ್ಯೂಬ್ ಹಾಕಿ ಅನಸ್ತೇಷಿಯಾ, ತಲೆ ಭಾಗ ಸ್ವಲ್ಪ ಎತ್ತರ, ಅನಸ್ತೆಟಿಸ್ಟ್ ಹತ್ರ ಮಾತಾಡಿ ಬಿಪಿ ಒಂಚೂರು ಕೆಳಗೇ ಇಟ್ಕೊಳ್ಳೋದು, ರಕ್ತ ಸೋರೋದು ತಗ್ಗಿಸೋ ಟ್ರಾನೆಕ್ಸಾಮಿಕ್ ಆಸಿಡ್. ನಾಲಿಗೆ ತುದಿಗೆ ದಪ್ಪ ದಾರ ಹಾಕಿ ಹೊರಗೆ ಎಳೆದು ಹಿಡಿಯೋದು, ಆಮೇಲೆ ಗಂಟಿನ ಸುತ್ತ, ಆರೋಗ್ಯವಾಗಿರೋ ಮಾಂಸದಲ್ಲಿ, ಒಂದರ ಪಕ್ಕ ಒಂದು ಆಳವಾದ ಹೊಲಿಗೆ ಹಾಕ್ತಾ ಬೇಲಿ ಕಟ್ಟೋದು. ಆ ಬೇಲಿ ಒಳಗೆ ಕತ್ತರಿಸಿದ್ರೆ ಕೆಲಸ ಹಿಡಿತದಲ್ಲಿ ಇರುತ್ತೆ. ಗಂಟಿನ ಒಳಗೇ ನುಗ್ಗಿ ಬಿಡಿಸೋಕೆ ಹೋದವರಿಗೆ ಹತ್ತು ನಿಮಿಷದಲ್ಲಿ ಸಕ್ಷನ್ ಬಾಟ್ಲಿ ತುಂಬಿರುತ್ತೆ. ಪೂರ್ತಿ ತೆಗೀತೀನಿ ಅಂತ ಹಠ ಹಿಡಿದು ಮಾತು, ನುಂಗೋದು ಕಳೆಯೋದಕ್ಕಿಂತ ಸ್ವಲ್ಪ ಉಳಿಸಿ ಬರೋದೇ ಒಳ್ಳೇದು ಅಂತ ನನ್ ಅಭಿಪ್ರಾಯ, ಇದು ಕ್ಯಾನ್ಸರ್ ಅಲ್ವಲ್ಲ. ವಯಸ್ಸಾದವರ ತುಟಿ ಮೇಲೆ ಬರೋ ನೀಲಿ ಬೊಟ್ಟಿಗಂತೂ ಇಷ್ಟೆಲ್ಲಾ ರಾಮಾಯಣ ಬೇಡ, ಲೇಸರ್ ಇಲ್ಲ ಒಂದೆರಡು ಇಂಜೆಕ್ಷನ್ನಿಗೆ ಹೋಗುತ್ತೆ.

ಈಗ ಪಯೋಜೆನಿಕ್ ಗ್ರಾನ್ಯುಲೋಮದ ವೇಷದ ವಿಷಯ. ಮೂವತ್ತರ ಆಸುಪಾಸಿನ ಹೆಂಗಸು, ಮೇಲಿನ ಹಲ್ಲಿನ ಹಿಂದೆ ಅಂಗುಳ ಕಡೆ ವಸಡಲ್ಲಿ ಕೆಂಪು ಗಡ್ಡೆ. ಬೇರೆ ಕಡೆ ಎಲ್ಲೋ ತೆಗೆದಿದ್ರು, ಮತ್ತೆ ಬಂತು, ಮತ್ತೆ ತೆಗೆದ್ರು, ಮತ್ತೆ ಬಂತು. ತೆಗೆದಿದ್ದನ್ನ ಲ್ಯಾಬಿಗೆ ಕಳ್ಸಿದ್ರಾ ಅಂದ್ರೆ ಇಲ್ಲ. "ಬರೀ ಗುಳ್ಳೆ, ಅದಕ್ಯಾಕೆ ಸುಮ್ನೆ ದುಡ್ಡು ಖರ್ಚು" ಅಂದಿದ್ರಂತೆ. ಎಲ್ಲಿ ಅನ್ನೋದು ಬೇಡ, ಆದ್ರೆ ಈ ಅಭ್ಯಾಸದ ಬಗ್ಗೆ ನನಗೆ ವಿಪರೀತ ಸಿಟ್ಟಿದೆ. ಪೇಷಂಟ್ ಬಾಯಿಂದ ಹೊರಗೆ ಬಂದ ಮಾಂಸದ ಜಾಗ ಕಸದ ಬುಟ್ಟಿ ಅಲ್ಲ, ಫಾರ್ಮಲಿನ್ ಬಾಟ್ಲಿ. ಗಂಟು ಬೆರಳಿಗೆ ಗಟ್ಟಿ ಇತ್ತು, ಮಿಡಿತ ಇಲ್ಲ, ಒತ್ತಿದ್ರೆ ಖಾಲಿ ಆಗಲ್ಲ, ಪಕ್ಕದ ಹಲ್ಲು ಅಲ್ಲಾಡ್ತಿತ್ತು, ಎಕ್ಸ್‌ರೇಲಿ ಕೆಳಗಿನ ಮೂಳೆ ಸವೆದಿತ್ತು. ಸುಮ್ನೆ ಗುಳ್ಳೆ ಆಗಿದ್ರೆ ಮೂಳೆ ಹೀಗೆ ತಿನ್ನೋದು ಅಪರೂಪ. ರಕ್ತದ ಓಟ ಜೋರಿಲ್ಲ ಅಂತ ಡಾಪ್ಲರ್ ಸ್ಕ್ಯಾನಲ್ಲಿ (ರಕ್ತದ ಓಟ ತೋರ್ಸೋ ಅಲ್ಟ್ರಾಸೌಂಡ್) ಖಾತ್ರಿ ಮಾಡ್ಕೊಂಡು ಬಯಾಪ್ಸಿ ತಗೊಂಡ್ವಿ.

ರಿಪೋರ್ಟ್ ಬರೋದು ತಡ ಆಯ್ತು, ಪೆಥಾಲಜಿಸ್ಟೇ ಫೋನ್ ಮಾಡಿ ಬನ್ನಿ ಒಂದ್ಸಲ ಮೈಕ್ರೋಸ್ಕೋಪಲ್ಲಿ ನೋಡಿ ಅಂದ್ರು. ಗಾಜಿನ ಹಾಗೆ ತಿಳಿಯಾದ ಗುಲಾಬಿ ಹಿನ್ನೆಲೆಯಲ್ಲಿ ದುಂಡಗಿನ ಜೀವಕೋಶಗಳು ಸಾಲು ಸಾಲಾಗಿ ನಿಂತಿದ್ವು, ಕೆಲವದರ ಹೊಟ್ಟೆಯೊಳಗೆ ಒಂದು ಖಾಲಿ ಗುಳಿ, ಆ ಗುಳಿಯಲ್ಲಿ ಒಂದೇ ಒಂದು ಕೆಂಪು ರಕ್ತಕಣ. ಒಂಟಿ ಜೀವಕೋಶವೇ ತನ್ನೊಳಗೆ ನಾಳ ಕಟ್ಟೋಕೆ ಹೊರಟಿದೆ! ಎಪಿಥೀಲಿಯಾಯ್ಡ್ ಹಿಮ್ಯಾಂಜಿಯೋಎಂಡೋಥೀಲಿಯೋಮ. ಉಚ್ಚಾರಣೆ ಮಾಡೋ ಹೊತ್ತಿಗೆ ನಾಲಿಗೆ ಹೊರಳುತ್ತೆ. ಇದನ್ನ ಮೊದಲು ಬೇರೆ ಕಾಯಿಲೆಯಾಗಿ ವಿವರಿಸಿದ್ದು ವೈಸ್ ಮತ್ತು ಎನ್‌ಜಿಂಗರ್, ಕಾಕತಾಳೀಯ ಅಂದ್ರೆ ಅದೂ 1982ರಲ್ಲೇ. ಬಾಯಲ್ಲಿ ಇದು ಬಹಳ ಅಪರೂಪ, ಸಾಮಾನ್ಯವಾಗಿ ಲಿವರ್, ಶ್ವಾಸಕೋಶ, ಮೂಳೆಗಳಲ್ಲಿ ಬರೋದು. ಕ್ಯಾನ್ಸರೇ, ಆದ್ರೆ ಬಹಳ ಜನರಲ್ಲಿ ನಿಧಾನದ್ದು, ಕೆಲವರಲ್ಲಿ ಮಾತ್ರ ಇದ್ದಕ್ಕಿದ್ದ ಹಾಗೆ ಹರಡುತ್ತೆ.

ಕಣ್ಣಿಗೆ ಕಂಡಿದ್ದು ಸಾಲದು, ಖಾತ್ರಿಗೆ ಬಣ್ಣದ ಪರೀಕ್ಷೆಗಳು, ಇಮ್ಯುನೋ ಅಂತೀವಿ. ಸಿಡಿ31, ಸಿಡಿ34, ಇಆರ್‌ಜಿ ಮೂರೂ ಪಾಸಿಟಿವ್ ಬಂದ್ರೆ ರಕ್ತನಾಳದ ವಂಶ ಅಂತಾಯ್ತು. ಇಲ್ಲೊಂದು ಬಲೆ ಇದೆ, ಈ ಗಡ್ಡೆಗೆ ಮಾಮೂಲಿ ಬಾಯಿ ಕ್ಯಾನ್ಸರಲ್ಲಿ ಬರೋ ಕೆರಟಿನ್ ಕೂಡ ಪಾಸಿಟಿವ್ ಬರಬಹುದು, ಬರೀ ಅದೊಂದನ್ನೇ ಹಾಕಿ ನೋಡಿದ್ರೆ ನಮ್ಮ ಮಾಮೂಲಿ ಬಾಯಿ ಕ್ಯಾನ್ಸರ್ ಅಂತ ತಿಳ್ಕೊಂಡು ಕುತ್ತಿಗೆ ಗ್ರಂಥಿ ತೆಗೆಯೋದು, ರೇಡಿಯೇಷನ್ ಎಲ್ಲಾ ಶುರುವಾಗ್ಬಿಡುತ್ತೆ. 2011ರಲ್ಲಿ ಈ ಗಡ್ಡೆಗಳ ಬಹುಪಾಲಲ್ಲಿ ಎರಡು ಜೀನ್ ತುಂಡಾಗಿ ಒಂದಕ್ಕೊಂದು ಅಂಟ್ಕೊಂಡಿರೋದು ಗೊತ್ತಾಯ್ತು, ಡಬ್ಲ್ಯುಡಬ್ಲ್ಯುಟಿಆರ್1 ಮತ್ತು ಕ್ಯಾಮ್ಟಾ1. ಈಗ ಕ್ಯಾಮ್ಟಾ1ಗೇ ಇಮ್ಯುನೋ ಇದೆ, ನ್ಯೂಕ್ಲಿಯಸ್ಸಲ್ಲಿ ಬಣ್ಣ ಹತ್ತಿದ್ರೆ ವಾದ ಮುಗೀತು. ಎಲ್ಲಾ ಊರಲ್ಲಿ ಮಾಡಲ್ಲ, ಬಯಾಪ್ಸಿ ಚೂರನ್ನ ಕೂರ್ಸಿಟ್ಟ ಮೇಣದ ಬ್ಲಾಕನ್ನ ದೊಡ್ಡ ಲ್ಯಾಬಿಗೆ ಕೊರಿಯರ್ ಮಾಡ್ಬೇಕು, ನಾವೂ ಅದನ್ನೇ ಮಾಡಿದ್ವಿ.

ಬಾಯಿಯದ್ದೇ ಮೂಲವಾ, ಇಲ್ಲಾ ಲಿವರಿಂದಲೋ ಶ್ವಾಸಕೋಶದಿಂದಲೋ ಇಲ್ಲಿಗೆ ಬಂದಿದೆಯಾ ಅನ್ನೋದು ಮುಂದಿನ ಪ್ರಶ್ನೆ, ಅದಕ್ಕೆ ಎದೆ ಹೊಟ್ಟೆ ಸಿಟಿ. ಪುಣ್ಯಕ್ಕೆ ಬೇರೆಲ್ಲೂ ಇರ್ಲಿಲ್ಲ. ಆಮೇಲೆ ಟ್ಯೂಮರ್ ಬೋರ್ಡ್ ಅಂತ ಎಲ್ಲಾ ವಿಭಾಗದವರು ಕೂತು ಮಾತಾಡಿ ತೀರ್ಮಾನಕ್ಕೆ ಬಂದ್ವಿ. ಇದಕ್ಕೆ ಇಂಥದ್ದೇ ಕೀಮೋ ಅಂತ ಗಟ್ಟಿಯಾದ ದಾರಿ ಇಲ್ಲ, ಒಂದೇ ಜಾಗದಲ್ಲಿದ್ರೆ ಸುತ್ತ ಆರೋಗ್ಯವಾದ ಅಂಚು ಸಮೇತ ತೆಗೆಯೋದೇ ಮುಖ್ಯ ಚಿಕಿತ್ಸೆ. ಹಲ್ಲುಗಳ ಸಮೇತ ಮೇಲಿನ ದವಡೆಯ ಒಂದು ಭಾಗ, ಅಂಗುಳದ ಪಟ್ಟಿ ಸೇರ್ಸಿ ತೆಗೆದ್ವಿ. ವಿಚಿತ್ರ ಅಂದ್ರೆ ಇಷ್ಟು ಹೆದರ್ಕೊಂಡು ರಕ್ತ ಎಲ್ಲಾ ರೆಡಿ ಇಟ್ರೂ ಮಾಮೂಲಿ ದವಡೆ ಆಪರೇಷನ್ನಿಗಿಂತ ಜಾಸ್ತಿ ರಕ್ತ ಹೋಗ್ಲಿಲ್ಲ. ರಕ್ತನಾಳದ ಗಡ್ಡೆ ಅಂದ ಮಾತ್ರಕ್ಕೆ ಕಾರಂಜಿ ಥರ ಚಿಮ್ಮಬೇಕು ಅಂತೇನಿಲ್ಲ, ಎಷ್ಟು ಹರೀತಿದೆ ಅನ್ನೋದು ಬೇರೆ, ಎಷ್ಟು ಕೆಟ್ಟದ್ದು ಅನ್ನೋದು ಬೇರೆ. ಅಂಗುಳದಲ್ಲಿ ಆದ ತೂತನ್ನ ಮುಚ್ಚೋಕೆ ಅಬ್ಟುರೇಟರ್ ಅಂತ ಹಲ್ಲು ಸೆಟ್ ತರದ ಪ್ಲೇಟ್ ಮಾಡ್ಸಿದ್ವಿ, ಅದು ಇಲ್ದೆ ಕುಡಿದ ನೀರೆಲ್ಲ ಮೂಗಿಗೆ ಬರುತ್ತೆ, ಮಾತು ಕೊಂಯ್ ಅನ್ನುತ್ತೆ. ಮೊದಲ ತಿಂಗಳು ಆ ಹೆಂಗಸು ಯಾರ ಮುಂದೆಯೂ ಊಟ ಮಾಡ್ತಿರ್ಲಿಲ್ಲ ಅಂತ ಅವರ ಅಕ್ಕ ಹೇಳಿದ್ರು. ಈಗ ಪ್ಲೇಟ್ ಅಭ್ಯಾಸ ಆಗಿದೆ, "ಮುದ್ದೆ ನುಂಗ್ತೀನಿ ಡಾಕ್ಟ್ರಮ್ಮ, ರೊಟ್ಟಿ ಮಾತ್ರ ಕಷ್ಟ" ಅಂತಾರೆ.

ಬಾಯಿಯ ಆಂಜಿಯೋಸಾರ್ಕೋಮ ಅಂತ ಇದಕ್ಕಿಂತ ಬಹಳ ಕೆಟ್ಟದ್ದು ಇನ್ನೊಂದಿದೆ, ಅದು ಎಷ್ಟೋ ಸಲ ದೇಹದ ಬೇರೆ ಕಡೆ ಹುಟ್ಟಿ ಬಾಯಿಗೆ ಹರಡಿದ್ದಾಗಿರುತ್ತೆ, ಬಾಯಲ್ಲೇ ಹುಟ್ಟಿದ್ರೆ ಅಗಲವಾಗಿ ತೆಗೆದು ರೇಡಿಯೇಷನ್. ಅಂಗುಳದ ಮೇಲೆ ನೇರಳೆ ಮಚ್ಚೆ ತರ ಬರೋ ಕಾಪೋಸಿ ಸಾರ್ಕೋಮ, 1872ರಲ್ಲೇ ವಿವರಿಸಿದ್ದು, ಇದರ ಹಿಂದೆ ಎಚ್‌ಎಚ್‌ವಿ 8 ಅನ್ನೋ ವೈರಸ್ ಇದೆ ಅಂತ ಗೊತ್ತಾಗಿದ್ದು 1994ರಲ್ಲಿ. ಎಚ್‌ಐವಿ ಇರೋರಲ್ಲಿ, ಕಿಡ್ನಿ ಕಸಿ ಆಗಿ ರೋಗನಿರೋಧಕ ಶಕ್ತಿ ತಗ್ಗಿಸೋ ಮಾತ್ರೆ ತಗೊಳ್ಳೋರಲ್ಲಿ ಕಾಣುತ್ತೆ, ನಮ್ ದೇಶದಲ್ಲಿ ಕಮ್ಮಿ. ಇಲ್ಲಿ ಸರ್ಜನ್ ಕೆಲಸ ಬಯಾಪ್ಸಿ ತಗೊಂಡು ಸರಿಯಾದ ಡಾಕ್ಟ್ರ ಹತ್ರ ಕಳ್ಸೋದು, ಅಷ್ಟೇ.

ದುಡ್ಡಿನ ವಿಷಯ ಹೇಳ್ದೆ ಹೋದ್ರೆ ತಪ್ಪಾಗುತ್ತೆ, ಕ್ಯಾತಿಟರ್, ಅಂಟು, ಸುರುಳಿ ಇವೆಲ್ಲ ದುಬಾರಿ. ಬಿಪಿಎಲ್ ಕಾರ್ಡ್ ಇದ್ರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೂ ಇದೆ, ಆದ್ರೆ ತುರ್ತು ಕೇಸ್ ಅಲ್ಲದಿದ್ರೆ ಸಾಮಾನ್ಯವಾಗಿ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕು, ಬೆಂಗಳೂರು ಬಸ್ ಹತ್ತೋ ಮುಂಚೆ ಜಿಲ್ಲಾಸ್ಪತ್ರೆಗೆ ಹೋಗಿ ಅದನ್ನ ಮಾಡ್ಸ್ಕೊಳ್ಳಿ. ಹಳೇ ಎಕ್ಸ್‌ರೇ, ಸ್ಕ್ಯಾನ್ ಸಿಡಿ, ಫೋನಲ್ಲಿ ತೆಗೆದ ಹಳೇ ಫೋಟೋಗಳು, ಹಿಂದೆ ಎಲ್ಲಾದ್ರೂ ಬಯಾಪ್ಸಿ ಆಗಿದ್ರೆ ಸ್ಲೈಡು ಮತ್ತು ಮೇಣದ ಬ್ಲಾಕ್ ಕೇಳಿ ಇಸ್ಕೊಂಡು ಬನ್ನಿ. ಬ್ಲಾಕ್ ಇದ್ರೆ ಮತ್ತೆ ಕತ್ತರಿಸದೇ ಹೊಸ ಪರೀಕ್ಷೆ ಹಾಕೋಕಾಗುತ್ತೆ.

ನಾಲಿಗೆ ಮೇಲೆ ಕಪ್ಪೆ ಮೊಟ್ಟೆ ತರ ನೀರು ಗುಳ್ಳೆ ಏಳೋ ಲಿಂಫ್ ನಾಳದ ಗಂಟುಗಳ ಬಗ್ಗೆ ಇಲ್ಲಿ ಬರೀಲಿಲ್ಲ, ಅದಕ್ಕೆ ಇನ್ನೊಂದು ಪೋಸ್ಟೇ ಬೇಕು. ಕಾಮೆಂಟಲ್ಲಿ ಬಾಯಿಯ ಫೋಟೋ ಹಾಕಿ ಇದೇನು ಅಂತ ಕೇಳ್ಬೇಡಿ ದಯವಿಟ್ಟು, ಮಿಡೀತಿದೆಯಾ ಇಲ್ವಾ ಅಂತ ಫೋಟೋದಲ್ಲಿ ನೋಡೋಕಾಗಲ್ಲ, ಹತ್ತಿರದ ಡೆಂಟಲ್ ಕಾಲೇಜಿನ ಓರಲ್ ಸರ್ಜರಿ ಓಪಿಡಿಗೆ ಹೋಗಿ ತೋರ್ಸಿ.